ಮೆಡಿಕಲ್ ಶಾಪ್‌ನಲ್ಲಿ ಮಾತ್ರೆ ಮಾತ್ರವಲ್ಲ, ಸಲಹೆಯೂ ಸಿಗಬೇಕು. ಆದರೆ ಖರ್ಚು ಯಾರದ್ದು?

ನೀಲಗಿರಿಯ ಕೂನೂರು ಬಳಿಯ ಹುಬ್ಬತಲೈ ಚಹಾ ತೋಟಗಳ ನಡುವಿನ ಬಡಗರ ಹಳ್ಳಿ. ತಮಿಳುನಾಡು ಸರಕಾರ 2021ರ ಆಗಸ್ಟ್‌ನಲ್ಲಿ ಆರಂಭಿಸಿದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯಡಿ ಬಿಪಿ, ಶುಗರ್ ಮಾತ್ರೆಗಳನ್ನು ರೋಗಿಗಳ ಮನೆಬಾಗಿಲಿಗೇ ತಲುಪಿಸಲಾಗುತ್ತದೆ. ಒಳ್ಳೆಯದೇ. ಆದರೆ ಇಂಥ ಊರಿನವರು ಸೊಂಟ ನೋವು, ಮಂಡಿ ನೋವು ಎಂದರೆ ಹೋಗುವುದು ಮೆಡಿಕಲ್ ಶಾಪ್‌ಗೆ.

ತೊಂದರೆ ಇರುವುದು ಇಲ್ಲೇ. ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳು ಬಿಪಿ ಏರಿಸಬಹುದು, ಕಿಡ್ನಿಗೂ ಪೆಟ್ಟು ಕೊಡಬಹುದು. ಮನೆಗೆ ಬಂದ ಮಾತ್ರೆ ಯಾವುದೆಂದು ಅಂಗಡಿಯವರಿಗೆ ಗೊತ್ತಿಲ್ಲ, ಅಂಗಡಿಯಲ್ಲಿ ಕೊಂಡದ್ದು ಯಾವುದೆಂದು ಮನೆಗೆ ತಂದುಕೊಡುವವರಿಗೆ ಗೊತ್ತಿಲ್ಲ. ಎರಡನ್ನೂ ಒಟ್ಟಿಗೆ ನೋಡಬಲ್ಲವರು ಫಾರ್ಮಸಿಸ್ಟ್.

ಕಾನೂನು ಕೂಡ ಅದನ್ನೇ ಹೇಳುತ್ತದೆ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳ ಪ್ರಕಾರ ಔಷಧ ಹೇಗೆ ತೆಗೆದುಕೊಳ್ಳಬೇಕು, ಅಡ್ಡ ಪರಿಣಾಮ ಏನು, ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು ಎಂದು ಫಾರ್ಮಸಿಸ್ಟ್ ವಿವರಿಸಬೇಕು. ರೋಗ ಪತ್ತೆ ಮಾಡಿ ಮದ್ದು ಬರೆದುಕೊಡುವ ಅಧಿಕಾರ ಮಾತ್ರ ಅವರಿಗಿಲ್ಲ.

ಕಲಿಕೆಗೂ ದಾರಿ ಉಂಟು. ಆರು ವರ್ಷದ ಫಾರ್ಮ್.ಡಿ ಕೋರ್ಸ್ ದೇಶದಲ್ಲಿ 2008ರಲ್ಲೇ ಬಂತು. ಅದನ್ನು ಕಲಿಸುವ ಜೆಎಸ್‌ಎಸ್ ಫಾರ್ಮಸಿ ಕಾಲೇಜು ಪಕ್ಕದ ಊಟಿಯಲ್ಲೇ ಇದೆ. ಆದರೆ ಸಣ್ಣ ಅಂಗಡಿಯ ಕೌಂಟರ್‌ನಲ್ಲಿ ಸಾಮಾನ್ಯವಾಗಿ ಇರುವವರು ಎರಡು ವರ್ಷದ ಡಿ.ಫಾರ್ಮ್ ಓದಿದವರು.

ಇನ್ನು ಲೆಕ್ಕಕ್ಕೆ ಬರೋಣ. ಸರಕಾರ ಬೆಲೆ ಮಿತಿ ಹಾಕಿದ ಅಗತ್ಯ ಔಷಧಗಳಿಗೆ 2013ರ ಆದೇಶದಲ್ಲಿ ಇಟ್ಟಿರುವ ಚಿಲ್ಲರೆ ಲಾಭ ಶೇ.16. ಬಾಡಿಗೆ, ಕರೆಂಟ್, ಸಂಬಳ ಎಲ್ಲ ಅದರಲ್ಲೇ ಆಗಬೇಕು. "ಈ ಮಾತ್ರೆ ಬೇಡ, ಮೊದಲು ಡಾಕ್ಟರಿಗೆ ತೋರಿಸಿ" ಎಂದು ಹತ್ತು ನಿಮಿಷ ಕೂತು ಹೇಳಿದರೆ ಸಮಯವೂ ಹೋಯಿತು, ವ್ಯಾಪಾರವೂ ಹೋಯಿತು. ಸಲಹೆಗೆ ಪ್ರತ್ಯೇಕ ದುಡ್ಡು ಕೊಡುವ ರೂಢಿ ನಮ್ಮಲ್ಲಿಲ್ಲ.

ಇಂಗ್ಲೆಂಡ್‌ನಲ್ಲಿ 2024ರ ಜನವರಿಯಿಂದ 'ಫಾರ್ಮಸಿ ಫಸ್ಟ್' ಜಾರಿಯಲ್ಲಿದೆ. ಏಳು ಸಣ್ಣ ಕಾಯಿಲೆಗಳಿಗೆ ಫಾರ್ಮಸಿಸ್ಟೇ ಚಿಕಿತ್ಸೆ ಕೊಡಬಹುದು. ಯೋಜನೆ ಶುರುವಾದಾಗ ಒಂದು ಸಮಾಲೋಚನೆಗೆ ಸರಕಾರ 15 ಪೌಂಡ್ ನಿಗದಿ ಮಾಡಿತ್ತು. ಅಲ್ಲಿ ಮಾತಿಗೂ ಬೆಲೆ ಇದೆ, ಇಲ್ಲಿ ಮಾತ್ರೆಗೆ ಮಾತ್ರ.

ಅಂಗಡಿಗಳು ಸಿದ್ಧವಾಗಬೇಕಾದರೆ ತರಬೇತಿ, ಗುಟ್ಟಾಗಿ ಮಾತಾಡಲು ಒಂದು ಮೂಲೆ, ರೋಗಿಯ ಮಾಹಿತಿ ಬರೆದಿಡುವ ಪುಸ್ತಕ, ಜೊತೆಗೆ ಆ ಸಮಯಕ್ಕೊಂದು ಶುಲ್ಕ ಬೇಕು. ಅದೆಲ್ಲ ಬರುವವರೆಗೆ ಗ್ರಾಹಕರು ಕಾಯಬೇಕಾಗಿಲ್ಲ. ಮನೆಯಲ್ಲಿರುವ ಎಲ್ಲ ಮಾತ್ರೆಗಳ ಚೀಟಿ ಹಿಡಿದುಕೊಂಡು ಹೋಗಿ, "ಇವುಗಳ ಜೊತೆ ಇದನ್ನು ತಿನ್ನಬಹುದಾ?" ಎಂದು ಕೇಳಿ. ಉತ್ತರ ಹೇಳಬೇಕಾದದ್ದು ಫಾರ್ಮಸಿಸ್ಟ್, ಪಕ್ಕದಲ್ಲಿ ನಿಂತ ಸೇಲ್ಸ್ ಹುಡುಗನಲ್ಲ.