ಮುಚ್ಚಿದ ಅಂಗಳದಲ್ಲಿ ಮತ್ತೆ ಆಟ

2005ರ ಆಸುಪಾಸಿನ ದಿನಗಳನ್ನು ಒಮ್ಮೆ ನೆನಪಿಸಿಕೊಳ್ಳೋಣ. ಪರೀಕ್ಷೆಯ ಫಲಿತಾಂಶ ನೋಡಿ ಬರುತ್ತೇನೆಂದು ಪೇಟೆಯ ಸೈಬರ್ ಕೆಫೆಗೆ ಹೋದ ಮಗ ಒಂದು ಗಂಟೆ ತಡವಾಗಿ ಮನೆಗೆ ಬರುತ್ತಿದ್ದ. ಕೇಳಿದರೆ "ನೆಟ್ ತುಂಬಾ ಸ್ಲೋ ಇತ್ತು" ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ನಿಜ ಸಂಗತಿಯೇ ಬೇರೆ. ಫಲಿತಾಂಶ ಐದು ನಿಮಿಷದಲ್ಲೇ ಸಿಕ್ಕಿತ್ತು, ಉಳಿದ ಸಮಯವನ್ನೆಲ್ಲ ಬ್ರೌಸರಿನೊಳಗಿನ ಪುಟ್ಟ ಆಟಗಳು ನುಂಗಿದ್ದವು. ಹಣ ಕೊಡಬೇಕಿರಲಿಲ್ಲ, ಸಿ.ಡಿ. ಬೇಕಿರಲಿಲ್ಲ. ಪುಟ ತೆರೆದರೆ ಆಟ ಶುರು.

ಅಂದು ನಾವು ಗದರಿಸಿದ ಆ ಮಕ್ಕಳು ಇಂದು ತಂದೆ ತಾಯಂದಿರಾಗಿದ್ದಾರೆ. ತಮ್ಮ ಮಕ್ಕಳಿಗೆ ಅದೇ ಆಟ ತೋರಿಸಲು ಹುಡುಕಿದರೆ ಹಲವು ಕಡೆ ಬರಿದಾದ ಚೌಕವೊಂದೇ ಕಾಣುತ್ತದೆ. ಆ ಆಟಗಳು ಎಲ್ಲಿ ಹೋದವು? ಅವನ್ನು ಮರಳಿ ತಂದವರು ಯಾರು?

ಹುಟ್ಟಿದ ಬಗೆ

ಅಮೆರಿಕದ ಫ್ಯೂಚರ್‌ವೇವ್ ಎಂಬ ಸಣ್ಣ ಕಂಪನಿಯಲ್ಲಿ ಜೊನಾಥನ್ ಗೇ ಮತ್ತು ಸಂಗಡಿಗರು ಚಿತ್ರಗಳನ್ನು ಚಲಿಸುವಂತೆ ಮಾಡುವ ಒಂದು ತಂತ್ರಾಂಶವನ್ನು 1996ರಲ್ಲಿ ಹೊರತಂದರು. ಅದೇ ವರ್ಷದ ಕೊನೆಗೆ ಮ್ಯಾಕ್ರೋಮೀಡಿಯ ಕಂಪನಿ ಅದನ್ನು ಕೊಂಡು 'ಫ್ಲ್ಯಾಶ್' ಎಂದು ಹೆಸರಿಟ್ಟಿತು. 2005ರಲ್ಲಿ ಅದು ಅಡೋಬಿ ಕಂಪನಿಯ ಪಾಲಾಯಿತು.

ಫ್ಲ್ಯಾಶ್‌ನ ಗುಟ್ಟು ಸರಳ. ಚಿತ್ರದ ಒಂದೊಂದು ಚುಕ್ಕಿಯನ್ನೂ ಕಳುಹಿಸುವ ಬದಲು, 'ಇಲ್ಲಿಂದ ಅಲ್ಲಿಗೆ ಗೆರೆ ಎಳೆ, ಈ ಬಣ್ಣ ತುಂಬು' ಎಂಬ ಸೂಚನೆಯನ್ನಷ್ಟೇ ಅದು ಕಳುಹಿಸುತ್ತಿತ್ತು. ಹಾಗಾಗಿ ಫೈಲು ಚಿಕ್ಕದು. ಟೆಲಿಫೋನ್ ತಂತಿಯ ನಿಧಾನಗತಿಯ ಸಂಪರ್ಕದಲ್ಲೂ ಆಟ ಬಂದು ತಲುಪುತ್ತಿತ್ತು. ದೊಡ್ಡ ಕಂಪನಿಯ ನೆರವಿಲ್ಲದೆ ಒಬ್ಬನೇ ಕುಳಿತು ಆಟ ಕಟ್ಟಬಹುದಿತ್ತು. ಬೆಟ್ಟದಂತೆ ಗೆರೆ ಎಳೆದು ಅದರ ಮೇಲೆ ಪುಟ್ಟ ಸವಾರನನ್ನು ಜಾರಿಸುವ 'ಲೈನ್ ರೈಡರ್' ಆಟವನ್ನು 2006ರಲ್ಲಿ ರಚಿಸಿದವನು ಸ್ಲೊವೇನಿಯ ದೇಶದ ಬೊಷ್ಟ್ಯಾನ್ ಚಾದೆಜ್ ಎಂಬ ವಿದ್ಯಾರ್ಥಿ. ಟಾಮ್ ಫಲ್ಪ್ ನಡೆಸುವ ನ್ಯೂಗ್ರೌಂಡ್ಸ್ ತಾಣದಲ್ಲಿ ಯಾರು ಬೇಕಾದರೂ ತಮ್ಮ ಆಟವನ್ನು ಇಡಬಹುದಿತ್ತು. ನೋಡುಗರೇ ಅಂಕ ಕೊಡುತ್ತಿದ್ದರು, ತೀರಾ ಕಡಿಮೆ ಅಂಕ ಬಂದದ್ದು ಅಳಿದುಹೋಗುತ್ತಿತ್ತು.

ಬಾಗಿಲು ಮುಚ್ಚಿತು

2007ರಲ್ಲಿ ಬಂದ ಐಫೋನ್ ಫ್ಲ್ಯಾಶ್‌ಗೆ ಜಾಗ ಕೊಡಲಿಲ್ಲ. ಅದು ಬ್ಯಾಟರಿ ತಿನ್ನುತ್ತದೆ, ಸುರಕ್ಷಿತವಲ್ಲ, ಬೆರಳ ಸ್ಪರ್ಶಕ್ಕೆ ಒಗ್ಗದು ಎಂದು ಸ್ಟೀವ್ ಜಾಬ್ಸ್ 2010ರ ಏಪ್ರಿಲ್‌ನಲ್ಲಿ ಬಹಿರಂಗ ಪತ್ರ ಬರೆದರು. ದೂರುಗಳಲ್ಲಿ ಸತ್ಯವೂ ಇತ್ತು. ಫ್ಲ್ಯಾಶ್‌ನ ದೋಷಗಳ ಮೂಲಕ ಕಂಪ್ಯೂಟರಿಗೆ ನುಗ್ಗುವ ಕಿಡಿಗೇಡಿಗಳು ಕಡಿಮೆಯಿರಲಿಲ್ಲ. 2017ರ ಜುಲೈಯಲ್ಲಿ ಅಡೋಬಿ ಕೊನೆಯ ದಿನವನ್ನು ಸಾರಿತು. 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಂತಿತು. 2021ರ ಜನವರಿ 12ರಿಂದ ಫ್ಲ್ಯಾಶ್ ಪ್ಲೇಯರ್ ತಾನಾಗಿಯೇ ಆಟಗಳನ್ನು ತಡೆಯತೊಡಗಿತು. 2009ರಿಂದ ಫೇಸ್‌ಬುಕ್‌ನಲ್ಲಿ ಮನೆಮಂದಿಯೆಲ್ಲ ಬೆಳೆ ಬೆಳೆದ 'ಫಾರ್ಮ್‌ವಿಲ್' ಕೂಡ ಆ ಡಿಸೆಂಬರ್ 31ರಂದೇ ಮುಚ್ಚಿತು.

ಉಳಿಸಿದವರು

ಕೊನೆಯ ದಿನ ಗೊತ್ತಾದ ಬಳಿಕ ಕೆಲವರು ಸುಮ್ಮನೆ ಕೂರಲಿಲ್ಲ. ಆಸ್ಟ್ರೇಲಿಯಾದ ಬೆನ್ ಲ್ಯಾಟಿಮೋರ್ ಆರಂಭಿಸಿದ 'ಫ್ಲ್ಯಾಶ್‌ಪಾಯಿಂಟ್' ಯೋಜನೆಗೆ ಲೋಕದ ನಾನಾ ಕಡೆಯ ಸ್ವಯಂಸೇವಕರು ಕೈಜೋಡಿಸಿದರು. ಇಂದು ಅಲ್ಲಿ ಲಕ್ಷಕ್ಕೂ ಮಿಕ್ಕಿ ಆಟಗಳಿವೆ. ಕೆಲವು ಆಟಗಳು ತಮ್ಮ ಮೂಲ ತಾಣದಲ್ಲಿದ್ದರೆ ಮಾತ್ರ ತೆರೆಯುವಂತೆ ಬೀಗ ಹಾಕಿಕೊಂಡಿದ್ದವು. ಫ್ಲ್ಯಾಶ್‌ಪಾಯಿಂಟ್ ನಮ್ಮ ಕಂಪ್ಯೂಟರಿನೊಳಗೇ ಆ ಹಳೆಯ ತಾಣದ ಸೋಗು ಹಾಕುತ್ತದೆ. ತನ್ನ ಮನೆಯಲ್ಲೇ ಇದ್ದೇನೆಂದು ನಂಬಿ ಆಟ ತೆರೆದುಕೊಳ್ಳುತ್ತದೆ!

ಇನ್ನೊಂದು ದಾರಿ 'ರಫಲ್'. ಇದು ಹಳೆಯ ಫೈಲನ್ನು ಇಂದಿನ ಬ್ರೌಸರಿಗೆ ಅರ್ಥವಾಗುವಂತೆ ಓದಿ ಹೇಳುವ ದುಭಾಷಿ. ಫ್ಲ್ಯಾಶ್ ಪ್ಲೇಯರ್‌ನ ಅಗತ್ಯವೇ ಇಲ್ಲ. 2020ರ ನವೆಂಬರ್‌ನಲ್ಲಿ ಇಂಟರ್ನೆಟ್ ಆರ್ಕೈವ್ ಎಂಬ ಲಾಭರಹಿತ ಗ್ರಂಥಾಲಯ ಇದರ ನೆರವಿನಿಂದಲೇ ಹಳೆಯ ಆಟಗಳನ್ನು ಮತ್ತೆ ತೆರೆದಿಟ್ಟಿತು.

ಆದರೆ ಎಲ್ಲವೂ ಉಳಿಯಲಿಲ್ಲ. 2005ರಲ್ಲಿ ಕೆನಡಾದಲ್ಲಿ ಆರಂಭವಾಗಿ ಬಳಿಕ ಡಿಸ್ನಿ ಕೊಂಡುಕೊಂಡ 'ಕ್ಲಬ್ ಪೆಂಗ್ವಿನ್' 2017ರ ಮಾರ್ಚ್‌ನಲ್ಲಿ ಮುಚ್ಚಿತು. ಅಂಥ ಆಟಗಳ ಅರ್ಧ ಜೀವ ಕಂಪನಿಯ ಸರ್ವರಿನಲ್ಲಿರುತ್ತದೆ. ಬಳಕೆದಾರನ ಕಡೆಯ ಫೈಲನ್ನು ಉಳಿಸಿದರೂ ಆ ಅರ್ಧ ನಮ್ಮ ಕೈಗೆ ಬಾರದು. ಇದಕ್ಕೆ ವಿರುದ್ಧವಾಗಿ, ಇಂಗ್ಲೆಂಡಿನ 'ರೂನ್‌ಸ್ಕೇಪ್' ನಡೆಸುವವರ ಬಳಿ 2007ರ ಆಗಸ್ಟ್ ತಿಂಗಳ ಒಂದು ಪೂರ್ಣ ಪ್ರತಿ ಇತ್ತು. ಹಳೆಯ ರೂಪವೇ ಬೇಕೆಂದು ನಾಲ್ಕು ಲಕ್ಷಕ್ಕೂ ಮಿಕ್ಕಿ ಮತ ಬಿದ್ದಾಗ 2013ರಲ್ಲಿ ಅದಕ್ಕೆ ಮರುಜೀವ ಬಂತು. ಒಂದು ಪ್ರತಿ ಇದ್ದುದರಿಂದ ಆಟ ಬದುಕಿತು.

ಮನೆಯವರಿಗೆ ಎರಡು ಮಾತು

ಮಕ್ಕಳಿಗೆ ಹಳೆಯ ಆಟ ತೋರಿಸುವ ಆಸೆಯಿದ್ದರೆ, 'ಫ್ಲ್ಯಾಶ್ ಪ್ಲೇಯರ್ ಇಳಿಸಿಕೊಳ್ಳಿ' ಎನ್ನುವ ಯಾವ ಗುಂಡಿಯನ್ನೂ ಒತ್ತಬೇಡಿ. ಅಡೋಬಿ ಅದನ್ನು ಹಂಚುವುದನ್ನು ನಿಲ್ಲಿಸಿದೆ. ಆ ಹೆಸರಿನಲ್ಲಿ ಬರುವುದು ವೈರಸ್ ಆಗಿರಬಹುದು. ಎಲ್ಲ ಆಟಗಳೂ ಮಕ್ಕಳಿಗೆ ತಕ್ಕವಲ್ಲವಾದ್ದರಿಂದ ಮೊದಲು ತಾವೇ ನೋಡಿ, ಆಮೇಲೆ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಎರಡನೆಯ ಮಾತು ಆಟದ್ದಲ್ಲ. ನಮ್ಮ ಕಪಾಟಿನಲ್ಲಿರುವ ಮದುವೆಯ ವೀಡಿಯೋ ಕ್ಯಾಸೆಟ್ಟನ್ನು ಓಡಿಸುವ ಯಂತ್ರ ಇಂದು ಎಷ್ಟು ಮನೆಗಳಲ್ಲಿದೆ? ಅಜ್ಜಿಯ ಧ್ವನಿ, ಮಗುವಿನ ಮೊದಲ ಹೆಜ್ಜೆ, ಎಲ್ಲವೂ ಒಂದೇ ಮೊಬೈಲಿನಲ್ಲಿ ಅಥವಾ ಯಾವುದೋ ಕಂಪನಿಯ ಸರ್ವರಿನಲ್ಲಿ ಕುಳಿತಿವೆ. ಬಾಗಿಲು ಮುಚ್ಚುವವರು ಫ್ಲ್ಯಾಶ್‌ನವರಂತೆ ಮೂರು ವರ್ಷ ಮೊದಲೇ ತಿಳಿಸುತ್ತಾರೆಂಬ ಭರವಸೆಯಿಲ್ಲ. ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡು ಇನ್ನೊಂದು ಪ್ರತಿ ತೆಗೆದಿಡೋಣ. ಮಗ ತಡವಾಗಿ ಬಂದ ಆ ಒಂದು ಗಂಟೆಯನ್ನೇ ಯಾರೋ ಅಪರಿಚಿತರು ಇಷ್ಟು ಜೋಪಾನ ಮಾಡಿದ್ದಾರೆ. ನಮ್ಮದನ್ನು ನಾವೇ ಜೋಪಾನ ಮಾಡಬೇಡವೇ?