ಕಂಪ್ಯೂಟರ್ ಜೊತೆ ಏಳುವವರು ಯಾರು?

ಜೂನ್ ಹಿಡಿಯಿತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಕಂಪ್ಯೂಟರನ್ನು ದಿನಕ್ಕೊಮ್ಮೆ ಆನ್ ಮಾಡಿದರೆ ಸಾಲದು. ವರ್ಷಕ್ಕೆ ಹೆಚ್ಚುಕಡಿಮೆ 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ಇದು. ಚಾರ್ಮಾಡಿಯ ತಪ್ಪಲಲ್ಲಿ ಗಾಳಿ ಎದ್ದರೆ ರಬ್ಬರ್ ಮರವೋ ಅಡಿಕೆ ಮರವೋ ತಂತಿಯ ಮೇಲೆ ಒರಗುತ್ತದೆ. ಮೆಸ್ಕಾಂನ ಲೈನ್‌ಮ್ಯಾನ್ ಆ ಮಳೆಯಲ್ಲೇ ಕಂಬ ಹತ್ತಿ ಸರಿಮಾಡಿ ಕೆಳಗಿಳಿಯುವಷ್ಟರಲ್ಲಿ ಇನ್ನೊಂದು ಕಡೆ ಕರೆಂಟ್ ಹೋಗಿರುತ್ತದೆ. ಯುಪಿಎಸ್‌ನ ಬ್ಯಾಟರಿ ಹಳತಾಗಿದ್ದರಂತೂ ಮುಗಿಯಿತು, ಸಿಸ್ಟಮ್ ಅಲ್ಲೇ ಆಫ್. ಕರೆಂಟ್ ಬಂದ ಮೇಲೆ ಮತ್ತೆ ಗುಂಡಿ ಒತ್ತಿ ಕಾಯಬೇಕು. ಸೇವಾ ಕೇಂದ್ರದಲ್ಲಿ ಆರ್‌ಟಿಸಿಗೆ ಬಂದ ಕೃಷಿಕರು, ಆದಾಯ ಪ್ರಮಾಣಪತ್ರಕ್ಕೆ ಬಂದ ವಿದ್ಯಾರ್ಥಿ, ಪಿಂಚಣಿಗೆ ಬೆರಳಚ್ಚು ಕೊಡಲು ಬಂದ ಅಜ್ಜಿ, ಎಲ್ಲರೂ ಆ ಪರದೆಯ ಕಡೆಗೇ ನೋಡುತ್ತ ನಿಂತಿರುತ್ತಾರೆ.

ಆ ಕಾಯುವಿಕೆ ಎಷ್ಟು ಹೊತ್ತಿನದು ಎಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ. ಇದು ಹೆಚ್ಚಿನವರಿಗೆ ಗೊತ್ತಿಲ್ಲ. ‘ಸಿಸ್ಟಮ್ ಸ್ಲೋ ಆಗಿದೆ’ ಎಂದು ಅಂಗಡಿಗೆ ಒಯ್ದರೆ ಸಾಮಾನ್ಯವಾಗಿ ಸಿಗುವ ಪರಿಹಾರ ಒಂದೇ: ಫಾರ್ಮ್ಯಾಟ್. ಅದರೊಂದಿಗೆ ಮದುವೆ ಫೋಟೋಗಳು, ಟ್ಯಾಲಿಯ ಲೆಕ್ಕ, ವರ್ಷಗಟ್ಟಲೆ ಕೂಡಿಸಿಟ್ಟ ಕನ್ನಡ ಫಾಂಟುಗಳು ಹೋದವೆಂದು ಕೊರಗುವವರನ್ನು ಊರೂರಲ್ಲಿ ಕಂಡಿದ್ದೇನೆ. ಅವರಲ್ಲಿ ಎಷ್ಟೋ ಮಂದಿಯ ಕಂಪ್ಯೂಟರುಗಳಿಗೆ ಬೇಕಾಗಿದ್ದದ್ದು ಹತ್ತು ನಿಮಿಷದ ಕೆಲಸ ಅಷ್ಟೇ.

ಕಂಪ್ಯೂಟರ್ ಆನ್ ಆಗಿ ನಾವು ಪಾಸ್‌ವರ್ಡ್ ಒತ್ತಿದೊಡನೆ ವಿಂಡೋಸ್ ಒಂದು ಪಟ್ಟಿ ತೆಗೆದು ನೋಡುತ್ತದೆ. ಅದರಲ್ಲಿ ಹೆಸರಿರುವ ಪ್ರೋಗ್ರಾಮುಗಳೆಲ್ಲ ನಾವು ಕರೆಯದಿದ್ದರೂ ತಾವಾಗಿ ಏಳುತ್ತವೆ. ಏರ್ಪಾಡು ಹೊಸದೇನಲ್ಲ. ಡಾಸ್ ಕಾಲದಲ್ಲಿ ಆಟೋಎಕ್ಸೆಕ್.ಬ್ಯಾಟ್ ಎಂಬ ಪುಟ್ಟ ಫೈಲ್ ಇತ್ತು, ಅದರಲ್ಲಿ ಬರೆದಿಟ್ಟದ್ದೆಲ್ಲ ಶುರುವಿನಲ್ಲೇ ಓಡುತ್ತಿತ್ತು. ಆದರೆ ಆ ಫೈಲನ್ನು ಯಾರಾದರೂ ತೆರೆದು ಓದಬಹುದಿತ್ತು, ಬೇಡವಾದ ಸಾಲನ್ನು ಅಳಿಸಬಹುದಿತ್ತು. ಈಗಿನ ವಿಂಡೋಸ್‌ನಲ್ಲಿ ಪಟ್ಟಿ ಒಂದೇ ಕಡೆ ಇಲ್ಲ. ಸ್ಟಾರ್ಟಪ್ ಎಂಬ ಫೋಲ್ಡರ್, ರಿಜಿಸ್ಟ್ರಿಯೊಳಗಿನ ರನ್ ಎಂಬ ಜಾಗ, ಟಾಸ್ಕ್ ಶೆಡ್ಯೂಲರ್, ಹಿನ್ನೆಲೆಯಲ್ಲಿ ನಡೆಯುವ ಸರ್ವಿಸ್‌ಗಳು, ಹೀಗೆ ಚದರಿಹೋಗಿದೆ. ಹೊಸ ಸಾಫ್ಟ್‌ವೇರ್ ಹಾಕುವಾಗ ನಾವು ‘ನೆಕ್ಸ್ಟ್, ನೆಕ್ಸ್ಟ್’ ಒತ್ತುತ್ತ ಹೋಗುತ್ತೇವೆ, ಅದು ಸದ್ದಿಲ್ಲದೆ ತನ್ನ ಹೆಸರನ್ನು ಇವುಗಳಲ್ಲೊಂದಕ್ಕೆ ಸೇರಿಸಿಬಿಡುತ್ತದೆ. ಅಪ್ಡೇಟ್ ಹುಡುಕಲು, ಜಾಹೀರಾತು ತೋರಿಸಲು, ಇಲ್ಲವೇ ಮುಂದೆಂದೋ ತೆರೆದಾಗ ಬೇಗ ತೆರೆದುಕೊಂಡಂತೆ ಕಾಣಲು ಅದಕ್ಕೆ ಈ ಜಾಗ ಬೇಕು. ನಮ್ಮ ಸಮಯ ಹೋದರೆ ಅದಕ್ಕೇನು ನಷ್ಟ?

ಹಳೆಯ ಹಾರ್ಡ್ ಡಿಸ್ಕ್ ಇರುವಲ್ಲಿ ಪೆಟ್ಟು ಜೋರು. ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆ, ಅದರ ಮೇಲೆ ಅತ್ತಿತ್ತ ಸರಿಯುವ ಓದುಮುಳ್ಳು. ಚೆಲ್ಲಾಪಿಲ್ಲಿಯಾಗಿರುವ ಸಣ್ಣ ಫೈಲುಗಳನ್ನು ಹುಡುಕಿ ಓದುವಾಗ ಸೆಕೆಂಡಿಗೆ ನೂರರ ಆಸುಪಾಸಿನಷ್ಟು ಸಲ ಮಾತ್ರ ಅದು ಜಾಗ ಬದಲಿಸಬಲ್ಲದು. ಒಂದೇ ಹೊತ್ತಿಗೆ ಹದಿನೈದು ಪ್ರೋಗ್ರಾಮುಗಳು ಕೂಗಿದರೆ, ಬಿ.ಸಿ.ರೋಡಿನಲ್ಲಿ ಒಂದೇ ಬಾಗಿಲಿನ ಬಸ್ಸಿಗೆ ಹತ್ತೂರಿನವರು ಒಟ್ಟಿಗೇ ನುಗ್ಗಿದ ಹಾಗಾಗುತ್ತದೆ. ಯಾರೂ ಬೇಗ ಹತ್ತುವುದಿಲ್ಲ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಸೆಕೆಂಡಿಗೆ ಸಾವಿರಾರು ಸಲ ಓದಬಲ್ಲದು. ಹಾಗಾಗಿ ಹಳೆ ಕಂಪ್ಯೂಟರಿಗೆ ಖರ್ಚು ಮಾಡುವುದೇ ಆದರೆ ಮೊದಲು ಎಸ್‌ಎಸ್‌ಡಿ ಹಾಕಿಸಿ ಎನ್ನುತ್ತೇನೆ. ಆದರೆ ದುಡ್ಡು ಬಿಚ್ಚುವ ಮೊದಲು ಪಟ್ಟಿ ನೋಡಿ. ಅದಕ್ಕೆ ಕಾಸು ಬೇಕಿಲ್ಲ.

ನಮ್ಮೂರ ಮಳೆಗಾಲಕ್ಕೆ ಇನ್ನೂ ಎರಡು ಸಂಗತಿ ಕೂಡಿಕೊಳ್ಳುತ್ತವೆ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ಸೌಲಭ್ಯವಿದೆ. ನಾವು ಕ್ರಮವಾಗಿ ಶಟ್‌ಡೌನ್ ಮಾಡಿದರೆ ವಿಂಡೋಸ್ ತನ್ನ ಒಳಭಾಗದ ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿಟ್ಟು, ಮುಂದಿನ ಸಲ ಅಲ್ಲಿಂದಲೇ ಬೇಗ ಏಳುತ್ತದೆ. ಕರೆಂಟ್ ಹಠಾತ್ತನೆ ಹೋದರೆ ಉಳಿಸಲು ಸಮಯವೇ ಸಿಗುವುದಿಲ್ಲ, ಮೊದಲಿಂದ ಏಳಬೇಕು. ಬೇರೆ ಊರಿನವರಿಗೆ ಸಿಗುವ ಅನುಕೂಲ ಮಳೆಗಾಲದಲ್ಲಿ ನಮಗೆ ಸಿಗುವುದು ಅಪರೂಪ. ಎರಡನೆಯದು ಇನ್ನೂ ಕಷ್ಟದ್ದು. ವಿಂಡೋಸ್ ಏಳುತ್ತಿರುವಾಗಲೇ ಎರಡು ಸಲ ಬೆನ್ನುಬೆನ್ನಿಗೆ ವಿಫಲವಾದರೆ ಅದು ತನಗೇನೋ ಕಾಯಿಲೆಯೆಂದು ಭಾವಿಸಿ ರಿಪೇರಿಯ ನೀಲಿ ಪರದೆಗೆ ಹೋಗುತ್ತದೆ. ಡೆಸ್ಕ್‌ಟಾಪ್ ಕಂಡ ಎರಡೇ ನಿಮಿಷದೊಳಗೆ ಎರಡು ಸಲ ಹಠಾತ್ತನೆ ನಿಂತರೂ ಹಾಗೆಯೇ. ಕಣ್ಣುಮುಚ್ಚಾಲೆ ಆಡುವ ಕರೆಂಟಿನಲ್ಲಿ ಆ ನೀಲಿ ಪರದೆ ಕಂಡು ಗಾಬರಿಯಾಗಿ ಕಂಪ್ಯೂಟರನ್ನೇ ಹೊತ್ತುಕೊಂಡು ಪೇಟೆಗೆ ಓಡಬೇಡಿ. ‘ಕಂಟಿನ್ಯೂ’ ಒತ್ತಿ ನೋಡಿ, ಅನೇಕ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಇನ್ನು ಪಟ್ಟಿಯ ವಿಷಯ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಸ್ಟಾರ್ಟಪ್ ಆಪ್ಸ್ ಎಂಬ ಪುಟಕ್ಕೆ ಹೋದರೆ ಹೆಸರುಗಳ ಸಾಲು ಕಾಣುತ್ತದೆ. ಪ್ರತಿ ಹೆಸರಿನ ಎದುರು ಹೈ, ಮೀಡಿಯಂ, ಲೋ ಎಂದು ಅದರ ಭಾರವೂ ಇರುತ್ತದೆ. ಶುರುವಾಗುವಾಗ ಪ್ರೊಸೆಸರಿನ ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತನ್ನೋ ಡಿಸ್ಕಿನಿಂದ 3 ಎಂಬಿಗಿಂತ ಹೆಚ್ಚು ಮಾಹಿತಿಯನ್ನೋ ಬಳಸುವುದಕ್ಕೆ ಹೈ ಎಂದು ಗುರುತು. ಬೇಡವಾದ ಹೆಸರಿನ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ಡಿಸೇಬಲ್ ಆರಿಸಿ. ಹೀಗೆ ಮಾಡಿದರೆ ಪ್ರೋಗ್ರಾಂ ಅಳಿಸಿಹೋಗುವುದಿಲ್ಲ, ಬೇಕೆಂದಾಗ ನೀವೇ ತೆರೆಯಬಹುದು. ತಪ್ಪಾಯಿತೆನಿಸಿದರೆ ಅಲ್ಲೇ ಎನೇಬಲ್ ಮಾಡಬಹುದು. ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಹೆದರಿಕೆಯಿಂದಲೇ ಜನ ಈ ಪುಟದ ಹತ್ತಿರ ಸುಳಿಯುವುದಿಲ್ಲ.

ಯಾವುದನ್ನು ತೆಗೆಯಬೇಕು ಎಂಬುದಕ್ಕೆ ಅಮೆರಿಕದಲ್ಲೋ ಬೆಂಗಳೂರಿನಲ್ಲೋ ಬರೆದ ಪಟ್ಟಿ ನಮಗೆ ಪೂರ್ತಿ ಹೊಂದುವುದಿಲ್ಲ. ಹಾಡು ಕೇಳುವ ಆಪ್, ಆಟದ ಆಪ್, ವರ್ಷಕ್ಕೊಮ್ಮೆಯೂ ಬಳಸದ ಮೀಟಿಂಗ್ ಆಪ್, ಟೊರೆಂಟ್, ಎಂದೋ ಮಾರಿದ ಪ್ರಿಂಟರಿನ ಸಾಫ್ಟ್‌ವೇರ್, ಇವೆಲ್ಲ ಹೋಗಲಿ. ಆದರೆ ಇಲ್ಲಿನ ಸೇವಾ ಕೇಂದ್ರದಲ್ಲಿ ಬೆರಳಚ್ಚು ಯಂತ್ರಕ್ಕೆ ಆರ್‌ಡಿ ಸರ್ವಿಸ್ ಎಂಬುದು ಹಿನ್ನೆಲೆಯಲ್ಲಿ ಓಡುತ್ತಲೇ ಇರಬೇಕು, ಅದಿಲ್ಲದೆ ಆಧಾರ್ ದೃಢೀಕರಣ ನಡೆಯುವುದಿಲ್ಲ. ಪಂಚಾಯಿತಿಯಲ್ಲಿ, ಲೆಕ್ಕಪರಿಶೋಧಕರಲ್ಲಿ ಡಿಜಿಟಲ್ ಸಹಿಯ ಟೋಕನ್‌ಗೆ ಅದರದೇ ಸಾಫ್ಟ್‌ವೇರ್ ಬೇಕು. ಆಂಟಿವೈರಸ್ಸನ್ನು ಮುಟ್ಟಬಾರದು. ಆದರೆ ಎರಡೆರಡು ಆಂಟಿವೈರಸ್ ಇದ್ದರೆ ಒಂದನ್ನು ಪೂರ್ತಿ ತೆಗೆಯಬೇಕು, ಅವು ಒಂದನ್ನೊಂದು ಕಾಯುತ್ತ ಕಂಪ್ಯೂಟರನ್ನೇ ಹೈರಾಣ ಮಾಡುತ್ತವೆ.

ಕನ್ನಡದ ಪ್ರಶ್ನೆಯೂ ಇಲ್ಲೇ ಬರುತ್ತದೆ. ಆಮಂತ್ರಣ ಪತ್ರಿಕೆ, ಯಕ್ಷಗಾನದ ಕರಪತ್ರ, ಸಹಕಾರಿ ಸಂಘದ ವರದಿ ಅಚ್ಚುಹಾಕುವ ನಮ್ಮ ಡಿಟಿಪಿ ಕೇಂದ್ರಗಳು ಕನ್ನಡ ಗಣಕ ಪರಿಷತ್ತಿನ ನುಡಿಯನ್ನೋ, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹವನ್ನೋ ನೆಚ್ಚಿವೆ. ಇವುಗಳ ಕೀಲಿಮಣೆಯ ಭಾಗ ಹಿನ್ನೆಲೆಯಲ್ಲಿ ಎದ್ದಿದ್ದರೆ ಮಾತ್ರ ಒತ್ತಿದ ಕೀಲಿ ಕನ್ನಡದ ಅಕ್ಷರವಾಗುತ್ತದೆ. ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಕನ್ನಡದ ಧ್ವನಿಗೆ ಒಪ್ಪುವ ಕೀಲಿವಿನ್ಯಾಸ ರೂಪಿಸಿ, ತಮ್ಮ ತಂತ್ರಾಂಶಕ್ಕೆ ಪಂಡಿತ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು, ಅದನ್ನು ಜನರಿಗೆ ಉಚಿತವಾಗಿ ಕೊಟ್ಟವರು. ನುಡಿ ಇಂದು ಬಳಸುವ ವಿನ್ಯಾಸಕ್ಕೂ ಅವರ ಕೆಲಸವೇ ಆಧಾರ. ಈ ನೆಲದವರೊಬ್ಬರ ದುಡಿಮೆಯ ಫಲ ಅದು. ಹಾಗಿರುವಾಗ ಹೊಸ ಕಂಪ್ಯೂಟರಿನಲ್ಲಿ ನಮಗೆ ಬೇಡದ ಹತ್ತು ಪ್ರೋಗ್ರಾಮುಗಳು ತಾವಾಗಿ ಏಳುತ್ತವೆ, ಕನ್ನಡವನ್ನು ಮಾತ್ರ ನಾವೇ ಪ್ರತಿ ಸಲ ಹುಡುಕಿ ತೆರೆಯಬೇಕು. ಇದನ್ನು ತಿರುವುಮುರುವು ಮಾಡಿ. ವಿಂಡೋಸ್ ಗುರುತಿನ ಕೀಲಿಯ ಜೊತೆ ಆರ್ ಒತ್ತಿ, ಬಂದ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಶೆಲ್ ಎಂದು ಬರೆದು, ಎರಡು ಚುಕ್ಕಿಯ ವಿರಾಮಚಿಹ್ನೆ ಹಾಕಿ, ಸ್ಟಾರ್ಟಪ್ ಎಂದು ಸೇರಿಸಿ ಎಂಟರ್ ಒತ್ತಿ. ತೆರೆದ ಫೋಲ್ಡರಿಗೆ ನುಡಿಯ ಅಥವಾ ಬರಹದ ಶಾರ್ಟ್‌ಕಟ್ ಹಾಕಿಡಿ. ಕರೆಂಟ್ ಎಷ್ಟು ಸಲ ಹೋಗಿ ಬಂದರೂ ಕನ್ನಡ ತಾನಾಗಿ ಏಳುತ್ತದೆ.

ಪಟ್ಟಿಯನ್ನು ನೋಡುವುದಕ್ಕೆ ವೇಗಕ್ಕಿಂತ ದೊಡ್ಡ ಕಾರಣವೊಂದಿದೆ. ಫೋಟೋ ಸ್ಟುಡಿಯೋ, ಜೆರಾಕ್ಸ್ ಅಂಗಡಿಗಳ ಕಂಪ್ಯೂಟರಿಗೆ ದಿನವೂ ಯಾರು ಯಾರದೋ ಪೆನ್‌ಡ್ರೈವ್ ಸಿಕ್ಕಿಸುತ್ತಾರೆ. 2008ರಲ್ಲಿ ಜಗತ್ತನ್ನೇ ಕಾಡಲು ಶುರುಮಾಡಿದ ಕಾನ್‌ಫಿಕರ್ ಹುಳ ಪೆನ್‌ಡ್ರೈವಿನ ಮೂಲಕವೂ ಹರಡಿತು. ಸಿಕ್ಕಿಸಿದೊಡನೆ ತಾನಾಗಿ ಓಡುವ ಸೌಲಭ್ಯವನ್ನು ಹಳೆಯ ವಿಂಡೋಸ್‌ಗಳಲ್ಲಿ ಮೈಕ್ರೋಸಾಫ್ಟ್ 2011ರಲ್ಲಿ ಅಪ್ಡೇಟ್ ಮೂಲಕ ನಿಲ್ಲಿಸಿತು. ಆದರೂ ವೈರಸ್‌ಗಳಿಗೆ ಇವತ್ತಿಗೂ ಇಷ್ಟದ ಅಡಗುದಾಣ ಸ್ಟಾರ್ಟಪ್ ಪಟ್ಟಿಯೇ. ಅಲ್ಲಿ ಹೆಸರು ಬರೆಸಿಕೊಂಡರೆ ಪ್ರತಿದಿನ ಬದುಕಿ ಏಳಬಹುದಲ್ಲ! ಅರ್ಥವಿಲ್ಲದ ಹೆಸರು, ಪಬ್ಲಿಷರ್ ಎಂಬಲ್ಲಿ ಖಾಲಿ ಜಾಗ, ಟೆಂಪ್ ಫೋಲ್ಡರಿನಲ್ಲಿ ಬೀಡುಬಿಟ್ಟ ಫೈಲ್ ಕಂಡರೆ ಅನುಮಾನಿಸಿ ಸ್ಕ್ಯಾನ್ ಮಾಡಿಸಿ. ಟಾಸ್ಕ್ ಮ್ಯಾನೇಜರಿನಲ್ಲಿ ಎಲ್ಲವೂ ಕಾಣುವುದಿಲ್ಲ. ಮೂಲೆಮೂಲೆಯನ್ನೂ ತೋರಿಸಲು ಮಾರ್ಕ್ ರುಸ್ಸಿನೊವಿಚ್ ಬರೆದ ಆಟೋರನ್ಸ್ ಎಂಬ ಉಚಿತ ಸಾಧನ ಮೈಕ್ರೋಸಾಫ್ಟ್ ತಾಣದಲ್ಲೇ ಸಿಗುತ್ತದೆ. ಅದು ಬಲ್ಲವರ ಕೈಗೆ ಸರಿ. ಹೊಸಬರು ಅದರಲ್ಲಿ ಕೈಯಾಡಿಸಬಾರದು.

ಉಜಿರೆಯ ಮತ್ತು ಮೂಡುಬಿದಿರೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಂಪ್ಯೂಟರ್ ಓದುವ ನೂರಾರು ಹುಡುಗ ಹುಡುಗಿಯರಿದ್ದಾರೆ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ಅವರು ರಸ್ತೆ ಸರಿಮಾಡುತ್ತಾರೆ, ಗಿಡ ನೆಡುತ್ತಾರೆ. ಒಳ್ಳೆಯ ಕೆಲಸವೇ. ಅದರ ಜೊತೆಗೆ ಪ್ರತಿ ಮೇ ತಿಂಗಳ ಕೊನೆಯಲ್ಲಿ, ಮಳೆ ಕಾಲಿಡುವ ಮುಂಚೆ, ಸುತ್ತಲಿನ ಸರ್ಕಾರಿ ಶಾಲೆ, ಪಂಚಾಯಿತಿ, ಹಾಲು ಉತ್ಪಾದಕರ ಸಂಘಗಳ ಕಂಪ್ಯೂಟರಿನ ಮುಂದೆ ಒಂದು ಗಂಟೆ ಕುಳಿತು ಈ ಪಟ್ಟಿಯನ್ನು ಅಲ್ಲಿನವರ ಕೈಯಿಂದಲೇ ಸರಿಮಾಡಿಸಲಿ. ತಾವೇ ಮಾಡಿಕೊಟ್ಟು ಬರುವುದು ಬೇಡ, ಕಲಿಸಿ ಬರಲಿ. ಪ್ರಾಧ್ಯಾಪಕರು ಈ ಮೇ ತಿಂಗಳಿಗೇ ಇದನ್ನು ಶಿಬಿರದ ಕಾರ್ಯಪಟ್ಟಿಗೆ ಸೇರಿಸಬೇಕೆಂದು ಕೇಳಿಕೊಳ್ಳುತ್ತೇನೆ.