ರೊಟ್ಟಿ ಬಿಟ್ಟು ತುಪ್ಪ ಉಣ್ಣುವ ಪಥ್ಯ

ಈದು ಎರಡು-ಮೂರು ವಾರವಾದ, ಹಾಲು ಹೆಚ್ಚು ಕೊಡುವ ಮಿಶ್ರತಳಿಯ ಆಕಳು ಒಮ್ಮೊಮ್ಮೆ ಹಿಂಡಿ-ನುಚ್ಚು ಬಿಟ್ಟು ಬರಿಯ ಕಣಿಕೆ ತಿನ್ನತೊಡಗುತ್ತದೆ. ಹಾಲು ಇಳಿಯುತ್ತದೆ, ಮೈ ಬತ್ತುತ್ತದೆ, ಉಸಿರಿಗೆ ಕಳಿತ ಹಣ್ಣಿನಂಥ ವಾಸನೆ ಬರುತ್ತದೆ. ಪಶುವೈದ್ಯರು ಇದಕ್ಕೆ ಕೀಟೋಸಿಸ್ ಎನ್ನುತ್ತಾರೆ. ಹಾಲಿಗೆ ಬೇಕಾದಷ್ಟು ಸಕ್ಕರೆ ಮೇವಿನಿಂದ ಒದಗದೆ ಆಕಳು ತನ್ನ ಮೈಯ ಕೊಬ್ಬನ್ನೇ ಕರಗಿಸುತ್ತದೆ. ಆ ಕೊಬ್ಬಿನಿಂದ ಪಿತ್ತಜನಕಾಂಗದಲ್ಲಿ ಹುಟ್ಟುವ ಕೀಟೋನ್ ಎಂಬ ದ್ರವ್ಯಗಳು ರಕ್ತದಲ್ಲಿ ಮಿತಿಮೀರುತ್ತವೆ. ಅವಳಿ ಮರಿ ಹೊತ್ತ ಕುರಿಗೂ ಈಯುವ ಮುಂಚಿನ ವಾರಗಳಲ್ಲಿ ಇಂಥದೇ ಗಂಡಾಂತರ.

ದನಕ್ಕೆ ರೋಗವಾಗುವ ಈ ಸ್ಥಿತಿಯನ್ನು ಮನುಷ್ಯರು ಒಂದು ಮಿತಿಯೊಳಗೆ ಬೇಕೆಂದೇ ತಂದುಕೊಳ್ಳುವುದು ಕೀಟೋ ಪಥ್ಯ. ಸೊಲ್ಲಾಪುರ, ಪುಣೆಗಳಲ್ಲಿ ನೌಕರಿಗಿರುವ ನಮ್ಮ ಹುಡುಗರು ಮೈ ಇಳಿಸಲೆಂದು ಇದನ್ನು ಹಿಡಿದು, ಊರಿಗೆ ಬಂದಾಗ ರೊಟ್ಟಿಯ ಬುಟ್ಟಿ ಮುಟ್ಟದೆ ಏಳುವುದುಂಟು. ಅದಕ್ಕಾಗಿ ಇದರ ಗುಣದೋಷ ತಿಳಿದಿರಬೇಕು.

ಇದು ಹುಟ್ಟಿದ್ದು ಮೈ ಇಳಿಸುವುದಕ್ಕಲ್ಲ. ಉಪವಾಸವಿದ್ದರೆ ಮೂರ್ಛೆರೋಗ ತಗ್ಗುವುದನ್ನು ವೈದ್ಯರು ಕಂಡಿದ್ದರು. ಆದರೆ ಉಪವಾಸ ಎಷ್ಟು ದಿನ? 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಡಾಕ್ಟರ್ ರಸೆಲ್ ವೈಲ್ಡರ್ ಅವರು ಉಂಡೂ ಉಪವಾಸದ ಫಲ ಪಡೆಯುವ ಉಪಾಯ ಸೂಚಿಸಿದರು: ಕೊಬ್ಬು ಬಹಳ, ಪಿಷ್ಟ ಅತಿ ಕಡಿಮೆ. ಗುಳಿಗೆಗೆ ಬಗ್ಗದ ಮೂರ್ಛೆಯುಳ್ಳ ಮಕ್ಕಳಿಗೆ ಇಂದಿಗೂ ಇದನ್ನು ವೈದ್ಯರ ಕಣ್ಣೆದುರು ಕೊಡುತ್ತಾರೆ. 2008ರಲ್ಲಿ ಪ್ರಕಟವಾದ, 145 ಮಕ್ಕಳ ಮೇಲಿನ ಬ್ರಿಟಿಷ್ ಪರೀಕ್ಷೆಯಲ್ಲಿ ಪಥ್ಯ ಮಾಡಿದವರ ಪೈಕಿ ನೂರಕ್ಕೆ 38 ಮಕ್ಕಳಿಗೆ ಮೂರು ತಿಂಗಳಲ್ಲಿ ಸೆಳವು ಅರ್ಧಕ್ಕಿಂತ ಹೆಚ್ಚು ಇಳಿಯಿತು; ಉಳಿದವರಲ್ಲಿ ನೂರಕ್ಕೆ 6 ಮಾತ್ರ. ಈ ಪಥ್ಯದ ನಿಜವಾದ ಕೀರ್ತಿ ಇದೇ ಎಂದು ನನ್ನ ಅಭಿಪ್ರಾಯ.

ಇನ್ನು ನಮ್ಮ ಊಟದ ಲೆಕ್ಕ. ಈ ಪಥ್ಯದಲ್ಲಿ ಪಿಷ್ಟ-ಸಕ್ಕರೆ ಎಲ್ಲ ಸೇರಿ ದಿನಕ್ಕೆ 20ರಿಂದ 50 ಗ್ರಾಂ ಮಾತ್ರ. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲೇ ಸುಮಾರು 35 ಗ್ರಾಂ ಇದೆ. ಒಂದು ರೊಟ್ಟಿ, ಒಂದು ಬಾಳೆಹಣ್ಣು ತಿಂದರೆ ದಿನದ ಪಾಲು ತೀರಿತು! ರೊಟ್ಟಿಯ ಜೊತೆ ಅದರ ನಾರೂ ಹೋಗುವುದರಿಂದ ಮಲಬದ್ಧತೆ ಸಾಮಾನ್ಯ.

ಮೊದಲ ವಾರದಲ್ಲಿ ತೂಕ ಸರ್ರನೆ ಇಳಿಯುವುದು ನಿಜ. ಅದರಲ್ಲಿ ಹೆಚ್ಚಿನದು ನೀರು. ಮೈಯಲ್ಲಿ ಕೂಡಿಟ್ಟ ಪಿಷ್ಟ ತನ್ನ ಮೂರು ಪಾಲು ನೀರನ್ನು ಹಿಡಿದಿರುತ್ತದೆ. ಆಮೇಲೆ ಹಸಿವು ತಗ್ಗಿ ಕೊಬ್ಬೂ ಕರಗುತ್ತದೆ, ಮಧುಮೇಹಿಗಳ ರಕ್ತದ ಸಕ್ಕರೆಯೂ ಕೆಲವು ತಿಂಗಳು ಚೆನ್ನಾಗಿ ಇಳಿಯುತ್ತದೆ. ವರುಷ ಕಳೆಯುವುದರಲ್ಲಿ ಬೇರೆ ಮಿತಾಹಾರದವರಿಗೂ ಇವರಿಗೂ ಅಂತರ ಬಹಳ ಉಳಿಯುವುದಿಲ್ಲ. ಕೆಲವರಿಗೆ ಮೂತ್ರಪಿಂಡದ ಕಲ್ಲು, ಕೆಟ್ಟ ಕೊಲೆಸ್ಟರಾಲ್ ಏರಿಕೆ.

ದೊಡ್ಡ ಅಪಾಯ ಮಧುಮೇಹದ ಔಷಧದಲ್ಲಿದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಗುಳಿಗೆಯ ಪ್ರಮಾಣ ತಗ್ಗಿಸದೆ ರೊಟ್ಟಿ ಬಿಟ್ಟರೆ ಸಕ್ಕರೆ ತೀರ ಕುಸಿದು ಎಚ್ಚರ ತಪ್ಪಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ನುಂಗುವವರಲ್ಲಿ ಕೀಟೋನ್ ಮಿತಿಮೀರಿ ರಕ್ತ ಆಮ್ಲವಾಗಬಹುದು. ಸಕ್ಕರೆ ಪರೀಕ್ಷಿಸಿದರೆ ಹೆಚ್ಚೇನೂ ಏರಿರದೆ ಮೋಸವಾಗುತ್ತದೆ. ವಾಂತಿ, ಹೊಟ್ಟೆನೋವು, ಏದುಸಿರು ಕಂಡ ಕೂಡಲೆ ದವಾಖಾನೆಗೆ ಒಯ್ಯಬೇಕು. ಗರ್ಭಿಣಿಯರಿಗೆ ಇದು ಬೇಡ. ಎದೆಹಾಲುಣಿಸುವ ತಾಯಂದಿರು ಈ ಪಥ್ಯ ಹಿಡಿದು, ಹಾಲು ಹಿಂಡುವ ಆಕಳಿನ ಅವಸ್ಥೆಯನ್ನೇ ತಂದುಕೊಂಡು ಆಸ್ಪತ್ರೆ ಸೇರಿದ ಉದಾಹರಣೆಗಳಿವೆ.

ಮಾಡಲೇಬೇಕೆನ್ನುವವರು ಗುಳಿಗೆಯ ಚೀಟಿ ಹಿಡಿದು ಮೊದಲು ಡಾಕ್ಟರರನ್ನು ಕಾಣಲಿ. ಉಳಿದ ಮಧುಮೇಹಿಗಳು ಅವರನ್ನೇ ಕೇಳಿ, ಮೂರು ರೊಟ್ಟಿಯನ್ನು ಒಂದೂವರೆಗೆ ಇಳಿಸಿ, ಪುಂಡಿಪಲ್ಯ, ಹೆಸರುಕಾಳು, ಮೊಸರು ಹೆಚ್ಚಿಸಿ ನೋಡಬಹುದು.